ಬೈಕ್ ಜಾರಿದ್ದು ಯಾಕೆ?

ಸಾರು ಕೆಟ್ಟರೆ ನೀವು ಏನು ಮಾಡುತ್ತೀರಿ? “ಎಲ್ಲಾ ನನ್ನ ಹಣೆಬರಹ” ಎಂದು ಸೌಟು ಕೆಳಗಿಟ್ಟು ಹೊರಗೆ ಬರುತ್ತೀರಾ? ಖಂಡಿತ ಇಲ್ಲ. ಹುಳಿ ಹೆಚ್ಚಾಯಿತೋ, ಉಪ್ಪು ಎರಡು ಸಲ ಬಿತ್ತೋ, ಒಗ್ಗರಣೆ ಸೀದಿತೋ ಎಂದು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ರುಚಿ ನೋಡುತ್ತೀರಿ. ಆದರೆ ಗಾಡಿಯಿಂದ ಬಿದ್ದಾಗ ಮಾತ್ರ ನಾವು ಹೆಂಗಸರು ಬಹಳ ಬೇಗ ಸೋಲೊಪ್ಪಿಕೊಳ್ಳುತ್ತೇವೆ. ಮನೆಯವರು “ಸಾಕು ಇನ್ನು” ಎಂದರೆ ನಾವೂ ತಲೆಯಾಡಿಸುತ್ತೇವೆ. ಬಿದ್ದದ್ದು ಯಾಕೆ ಎಂದು ಕೇಳುವವರೇ ಇಲ್ಲ!

ಕಳೆದ ಬೇಸಿಗೆಯಲ್ಲಿ ನಾನು ಬಿದ್ದೆ. ಕಾರಣ ಹುಡುಕಿದೆ, ಸಿಕ್ಕಿತು. ನಿಮ್ಮಲ್ಲಿ ಯಾರಾದರೂ ಹೊಸದಾಗಿ ಗಾಡಿ ಕಲಿತವರಿದ್ದರೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯಲ್ಲಿ, ನನ್ನ ಕೆಲಸ ಮಣಿಪಾಲದಲ್ಲಿ, ತವರು ಕಾರ್ಕಳದ ಹತ್ತಿರ. ಮನೆಯವರು ಕಾರು ಕೊಂಡ ಮೇಲೆ ಅವರ ಹಳೆಯ 125 ಸಿ.ಸಿ. ಬೈಕ್ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ನಲವತ್ತು ದಾಟಿದ ಮೇಲೆ ನನಗೆ ಅದನ್ನು ಓಡಿಸುವ ಹುಚ್ಚು ಹಿಡಿಯಿತು. ಎಲ್.ಎಲ್.ಆರ್. ಮಾಡಿಸಿದೆ. ಕಲಿಸಿದವರು ಯಾರು ಗೊತ್ತೇ? ನನ್ನ ಮಾವ! ಕ್ಲಚ್ಚು, ಗೇರು ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟರು. ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು: “ಎದುರಿನ ಬ್ರೇಕ್ ಮುಟ್ಲೇಬೇಡ ಮಗಾ, ಮಗುಚಿ ಬೀಳ್ತಿ.” ಐದು ತಿಂಗಳು ಆ ಮಾತನ್ನು ಚಾಚೂ ತಪ್ಪದೆ ನಡೆಸಿದೆ. ಕಾಲಿನ ಬ್ರೇಕ್ ಒಂದೇ ನನ್ನ ಆಧಾರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಸು ಕಳೆದು ಏಪ್ರಿಲ್ ಕೊನೆಯ ಶನಿವಾರ. ಅಮ್ಮನಿಗೆಂದು ಮಟ್ಟುಗುಳ್ಳದ ಚೀಲವನ್ನು ಹಿಂದಿನ ಸೀಟಿಗೆ ಬಿಗಿದು ಹೊರಟಿದ್ದೆ. ಮಣಿಪಾಲ, ಪರ್ಕಳ ದಾಟಿ ಹಿರಿಯಡ್ಕದ ಕಡೆ ಹೋಗುವಾಗ ಹನಿ ಹಾಕತೊಡಗಿತು. ತಿಂಗಳುಗಟ್ಟಲೆ ಕಾದು ಬೆಂದ ರಸ್ತೆಗೆ ಮೊದಲ ಮಳೆ. ಮಣ್ಣಿನ ಪರಿಮಳಕ್ಕೆ ಮನಸ್ಸು ಹಗುರಾಗಿತ್ತು. ಬಲಕ್ಕೆ ಒಂದು ತಿರುವು. ಅರ್ಧ ತಿರುಗಿದ್ದೇನೆ, ಎದುರಿಗೆ ಬಸ್ಸು! ಪಾಪ, ಬಸ್ಸು ತನ್ನ ಬದಿಯಲ್ಲೇ ಬರುತ್ತಿತ್ತು. ಆದರೆ ನನ್ನ ಕಣ್ಣಿಗೆ ರಸ್ತೆ ತುಂಬಾ ಅದೇ ಕಂಡಿತು. ಮುಂದಿನ ಕ್ಷಣ ಬೈಕ್ ಬಲಕ್ಕೆ ಮಲಗಿತ್ತು, ನಾನು ಜಾರುತ್ತಾ ಎಡ ಅಂಚಿನ ಮಣ್ಣಿಗೆ ಬಂದು ನಿಂತಿದ್ದೆ. ಮೊಣಕಾಲು, ಮೊಣಕೈ ತರಚಿತ್ತು. ಹೆಲ್ಮೆಟ್ಟಿನ ಬಲಗಡೆ ಬೆರಳುದ್ದದ ಗೀರು. ಅದು ಇಲ್ಲದಿದ್ದರೆ ಆ ಗೀರು ಎಲ್ಲಿರುತ್ತಿತ್ತೆಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೇರಿದ ಜನ ಒಳ್ಳೆಯವರು. ನೀರು ಕೊಟ್ಟರು, ಗಾಡಿ ಎತ್ತಿದರು. ಜೊತೆಗೆ ತೀರ್ಪನ್ನೂ ಕೊಟ್ಟರು: “ಸ್ಪೀಡ್ ಇದ್ದಿರ್ಬೇಕು”, “ಬೈಕ್ ಎಲ್ಲ ಹೆಂಗಸರಿಗೆ ಆಗುದಲ್ಲ.” ರಾತ್ರಿ ಮನೆಯವರು ಮೆಲ್ಲನೆ, “ಅದನ್ನು ಮಾರಿಬಿಡುವ” ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಮ್ಮ ಒಂಟಿ. ಅವರ ಮನೆ ಪೇಟೆಯಿಂದ ಒಳಗೆ, ಅಲ್ಲಿಗೆ ಬಸ್ಸು ದಿನಕ್ಕೆ ಎರಡೇ. ಬೈಕ್ ಹೋದರೆ ವಾರಕ್ಕೊಮ್ಮೆ ಅವರ ಮುಖ ನೋಡುವುದೂ ಹೋದ ಹಾಗೆ. ಮಾರುವುದಾದರೆ ಮಾರೋಣ, ಕಾರಣ ತಿಳಿದ ಮೇಲೆ ಎಂದೆ.

ಕಾಪುವಿನಲ್ಲಿರುವ ನನ್ನ ತಮ್ಮ ಚೆನ್ನಾಗಿ ಬೈಕ್ ಓಡಿಸುತ್ತಾನೆ. ಅವನು ನೋಡಲು ಬಂದವನು ಕೇಳಿದ ಮೊದಲ ಪ್ರಶ್ನೆ: “ಅಕ್ಕ, ಮೊದಲು ಜಾರಿದ್ದು ಯಾವ ಚಕ್ರ?” ಅದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಕುಳಿತು ಒಂದೊಂದೇ ಅನುಮಾನವನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದೆವು.

ಬಟ್ಟೆಯೇ? ನಾನು ಉಟ್ಟದ್ದು ಸೀರೆಯಲ್ಲ, ಸಲ್ವಾರ್. ವೇಲನ್ನು ಸೊಂಟಕ್ಕೆ ಗಂಟು ಹಾಕಿದ್ದೆ. ಚಕ್ರದಲ್ಲಿ ಒಂದು ನೂಲೂ ಇರಲಿಲ್ಲ. (ಹಿಂದೆ ಕೂರುವ ಸೋದರಿಯರೇ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಅರ್ಧ ಚಕ್ರವಾದರೂ ಮುಚ್ಚುವ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಚೆಂದಕ್ಕೆಂದು ಸೀರೆ ಗಾರ್ಡ್ ತೆಗೆಸುವವರಿಗೆ ಇದನ್ನು ಹೇಳಿ.)

ಚೀಲವೇ? ಹ್ಯಾಂಡಲಿಗೆ ತೂಗಿಸಿದ್ದರೆ ಅನುಮಾನಪಡಬಹುದಿತ್ತು. ಹಿಂದೆ ಬಿಗಿದದ್ದು ಸಡಿಲವಾಗಿರಲಿಲ್ಲ.

ಟಯರೇ? ಮೆಕ್ಯಾನಿಕ್ ನೋಡಿ, “ಗೆರೆ ಚೆನ್ನಾಗುಂಟು ಅಕ್ಕ, ಗಾಳಿ ಮಾತ್ರ ಸ್ವಲ್ಪ ಕಮ್ಮಿ” ಎಂದ. ತಿಂಗಳಿಂದ ಗಾಳಿ ನೋಡಿಸದ ತಪ್ಪು ನನ್ನದೇ. ಆದರೆ ಅಷ್ಟಕ್ಕೇ ಬೀಳುವಷ್ಟು ಕಡಿಮೆಯಿರಲಿಲ್ಲ.

ರಸ್ತೆಯೇ? ಇದು ಹೌದು, ದೊಡ್ಡ ಪಾಲುದಾರ. ಬೇಸಿಗೆಯಿಡೀ ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಟಯರಿನ ಪುಡಿ, ಕೆಂಪುಕಲ್ಲಿನ ಧೂಳು ಎಲ್ಲ ರಸ್ತೆಯ ಮೇಲೆ ಕೂತಿರುತ್ತವೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತವೆ. ನಾಲ್ಕು ಹನಿ ಬಿದ್ದರೆ ಲೋಳೆಯಾಗುತ್ತವೆ. ಆದ್ದರಿಂದ ಮಳೆಗಾಲದ ನಡುವಿಗಿಂತ ಮೊದಲ ಮಳೆಯ ಮೊದಲ ಹೊತ್ತೇ ಹೆಚ್ಚು ಮೋಸದ್ದು. ಆದರೆ ಅದೇ ತಿರುವಿನಲ್ಲಿ, ಅದೇ ಹನಿಯಲ್ಲಿ ನನ್ನ ಮುಂದೆ ಹೋದ ಸ್ಕೂಟರ್ ಬೀಳಲಿಲ್ಲವಲ್ಲ!

ಹಾಗಾದರೆ ಉಳಿದದ್ದು ನಾನು. “ಹಿಂದಿನ ಚಕ್ರ ಜಾರಿದ್ದರೆ ಬಾಲ ಬೀಸಿದ ಹಾಗೆ ಆಗ್ತದೆ, ಗೊತ್ತಾಗ್ತದೆ. ಎದುರಿನದ್ದು ಜಾರಿದ್ರೆ ಹ್ಯಾಂಡಲ್ ಒಳಗೆ ಮಡಚಿ, ಕಣ್ಣು ಮಿಟುಕಿಸುವುದರೊಳಗೆ ನೆಲ” ಎಂದ ತಮ್ಮ. ನನಗಾದದ್ದು ಎರಡನೆಯದೇ. ಕಾಲೂರಲೂ ಸಮಯ ಸಿಕ್ಕಿರಲಿಲ್ಲ. “ನಾನು ಎದುರಿನ ಬ್ರೇಕ್ ಮುಟ್ಟುವವಳೇ ಅಲ್ಲ” ಎಂದೆ. ಅವನು ಸುಮ್ಮನೆ ನನ್ನ ಬಲಗೈ ತಿರುಗಿಸಿ ತೋರಿಸಿದ. ನಾಲ್ಕು ಬೆರಳುಗಳ ಒಳಗಡೆ, ಗೆರೆ ಎಳೆದ ಹಾಗೆ ಒಂದೇ ಸಾಲಿನಲ್ಲಿ ಕಂದಿದ ಗುರುತು! ಅದು ಬ್ರೇಕಿನ ಹಿಡಿ ಒತ್ತಿದ ಗುರುತು. ನೆಲಕ್ಕೆ ಬೀಳುವಾಗಲೂ ಅದು ನನ್ನ ಮುಷ್ಟಿಯಲ್ಲಿತ್ತು. ಬಾಯಿ ಇಲ್ಲವೆಂದರೂ ಬೆರಳು ಸಾಕ್ಷಿ ಹೇಳಿತು.

ಗಾಡಿಯ ಲೆಕ್ಕ ನಮ್ಮ ಮನೆಖರ್ಚಿನ ಲೆಕ್ಕದ ಹಾಗೆಯೇ, ನೋಡಿ. ಟಯರಿಗೆ ರಸ್ತೆಯ ಮೇಲಿನ ಹಿಡಿತ ಒಂದು ಸಂಬಳವಿದ್ದಂತೆ. ತಿರುಗಲಿಕ್ಕೂ ಅದರಲ್ಲೇ ಖರ್ಚಾಗಬೇಕು, ನಿಲ್ಲಲಿಕ್ಕೂ ಅದರಲ್ಲೇ. ತಿರುವಿನಲ್ಲಿ ಅರ್ಧ ಖರ್ಚಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಸಂಬಳವೇ ಕಡಿತ. ಅಂಥ ಹೊತ್ತಿನಲ್ಲಿ ಮುಷ್ಟಿ ಬಿಗಿದು ಬ್ರೇಕ್ ಹಿಡಿದರೆ ಸಾಲವೇ ಗತಿ! ಮುಂದಿನ ಚಕ್ರ ತಿರುಗುವುದು ನಿಂತರೆ ಹ್ಯಾಂಡಲ್ ಮಾತು ಕೇಳುವುದಿಲ್ಲ.

“ಹಾಗಾದರೆ ಮಾವ ಹೇಳಿದ್ದೇ ಸರಿ” ಎನ್ನುತ್ತೀರಾ? ನಾನೂ ಹಾಗೇ ಅಂದೆ. ತಮ್ಮ ಒಪ್ಪಲಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ತುರ್ತಿನಲ್ಲಿ ಕೈ ಅದನ್ನು ಹುಡುಕಿಕೊಂಡು ಹೋಗಿಯೇ ಹೋಗುತ್ತದೆ. ಐದು ತಿಂಗಳು ಮುಟ್ಟದೆ ಬಿಟ್ಟ ಕೈಗೆ ಹದ ಎಲ್ಲಿಂದ ಬರಬೇಕು? ಹೆದರಿದ ಕೈಗೆ ಗೊತ್ತಿರುವುದು ಮುಷ್ಟಿ ಒಂದೇ. ನನ್ನನ್ನು ಬೀಳಿಸಿದ್ದು ನಾನು ಹೆಂಗಸಾದದ್ದಲ್ಲ, ಮಳೆ ಒಂದೇ ಅಲ್ಲ, ಕಲಿಯದೆ ಬಿಟ್ಟ ಒಂದು ಪಾಠ!

ಮಾವನಿಗೆ ಇದನ್ನು ಹೇಳುವುದು ಹೇಗೆ? ಕಾಫಿ ಕೊಡುತ್ತಾ ಬೆರಳು ತೋರಿಸಿದೆ. ಬಹಳ ಹೊತ್ತು ನೋಡಿದರು. “ನಮ್ಮ ಕಾಲದಲ್ಲಿ ಇಲ್ಲೆಲ್ಲ ಜಲ್ಲಿ ರಸ್ತೆ. ಅದರಲ್ಲಿ ಎದುರಿನ ಬ್ರೇಕ್ ಹಿಡಿದವ ಬಿದ್ದ ಅಂತಲೇ ಲೆಕ್ಕ. ರಸ್ತೆ ಡಾಮರು ಆಯ್ತು, ನನ್ನ ಬುದ್ಧಿ ಜಲ್ಲಿಯಲ್ಲೇ ಉಳೀತು” ಎಂದರು. ಬೈಕ್ ಮಾರುವ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಮೂರು ಭಾನುವಾರ ಕಾಪುವಿನ ಒಂದು ಖಾಲಿ ಮೈದಾನದಲ್ಲಿ ಅಭ್ಯಾಸ. ನೇರವಾಗಿ, ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗಿ ಎರಡೂ ಬ್ರೇಕ್ ಒಟ್ಟಿಗೆ ಹಾಕಿ ನಿಲ್ಲಿಸುವುದು. ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ, ಮೊದಲು ಮೆತ್ತಗೆ, ಬರಬರುತ್ತಾ ಬಿಗಿ. ಕೈಗೆ ಹದ ಸಿಕ್ಕಿದ ಮೇಲೆ ಸ್ವಲ್ಪ ವೇಗ.

ನೀವು ಹೊಸಬರಾದರೆ ಇಷ್ಟು ಗಮನಿಸಿ:

1. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿ. ತಿರುಗುತ್ತಿರುವಾಗ ಬ್ರೇಕ್ ಕಿತ್ತು ಹಿಡಿಯಬೇಡಿ.

2. ಹೆದರಿಕೆಯಾದದ್ದನ್ನು ದಿಟ್ಟಿಸಬೇಡಿ. ಕಣ್ಣು ಹೋದಲ್ಲಿಗೆ ಗಾಡಿ ಹೋಗುತ್ತದೆ. ಹೋಗಬೇಕಾದ ದಾರಿಯನ್ನೇ ನೋಡಿ.

3. ಮೊದಲ ಮಳೆ ಹನಿಸಿದರೆ ಒಂದು ಅಂಗಡಿ ಬದಿಗೆ ನಿಂತು ಚಹಾ ಕುಡಿಯಿರಿ. ರಸ್ತೆ ತೊಳೆಯಲಿ.

4. ಗಾಳಿಯನ್ನು ಎರಡು ವಾರಕ್ಕೊಮ್ಮೆ ನೋಡಿಸಿ.

5. ಏಪ್ರಿಲ್ 2019ರಿಂದ 125 ಸಿ.ಸಿ.ಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ಹಳೆಯ ಬೈಕಾದರೆ ಇದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಿ. ಇದ್ದರೂ ತಿರುವಿನಲ್ಲಿ ಅದೇ ಕಾಪಾಡೀತೆಂದು ನಂಬಿ ಕೂರಬೇಡಿ.

6. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನೇ ಪಟ್ಟಿ ಬಿಗಿದು ಹಾಕಿ. ಒಮ್ಮೆ ಪೆಟ್ಟು ತಿಂದದ್ದನ್ನು ಬದಲಿಸಿ.

7. ಬಿದ್ದರೆ ಮೊದಲು ಮೈ, ಆಮೇಲೆ ಪತ್ತೇದಾರಿಕೆ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಹೆಚ್ಚುವ ತಲೆನೋವು ಇದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿಸಿ.

ಮೇ ಕೊನೆಯಲ್ಲಿ ಮತ್ತೆ ಅದೇ ದಾರಿ ಹಿಡಿದೆ. ರಸ್ತೆ ಒದ್ದೆಯಾಗಿತ್ತು, ಎದೆ ಢವಢವ ಅನ್ನುತ್ತಿತ್ತು. ತಿರುವಿಗೆ ಮೊದಲೇ ವೇಗ ಇಳಿಸಿ, ಕಣ್ಣನ್ನು ದಾರಿಯ ಕೊನೆಗೆ ನೆಟ್ಟೆ. ಬಸ್ಸು ಬಂತು, ಹೋಯಿತು. ಅಷ್ಟೇ!

ಅಂದ ಹಾಗೆ, ಹೋದ ಸಲದ ಮಟ್ಟುಗುಳ್ಳವೆಲ್ಲ ಅಪ್ಪಚ್ಚಿಯಾಗಿತ್ತು. ಈ ಸಲ ಇಡಿಯಾಗಿ ತಲುಪಿತು. ಅಮ್ಮ ಬೋಳು ಹುಳಿ ಮಾಡಿ ಬಡಿಸುತ್ತಾ, “ಮುಂದಿನ ವಾರ ಬರ್ತಿಯಲ್ಲ?” ಎಂದರು. ಬರ್ತೇನೆ ಎಂದೆ.