ತಾಮ್ರದ ನೀರೂ ಕೆಸರಿನ ಹುಳುವೂ



ಡಬ್ಲಿನ್‌ನಿಂದ ಒಂದು ದಿನದ ಪ್ರವಾಸ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ವಿಕ್ಲೋ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಗ್ಲೆಂಡಲಾಕ್ ನೋಡಿ, ಹಾಗೆಯೇ ಅವೋಕಾ ಹಳ್ಳಿಗೂ ಹೋಗಿಬರುತ್ತೇವೆ. ಏವನ್‌ಮೋರ್ ಮತ್ತು ಏವನ್‌ಬೆಗ್ ನದಿಗಳು ಕೂಡುವ ಜಾಗ ಕವಿ ಥಾಮಸ್ ಮೂರ್‌ನಿಂದ ಪ್ರಸಿದ್ಧ. ನಮಗೋ ಅಲ್ಲಿ ಕೂಡಲಸಂಗಮದ ನೆನಪು. ಅಲ್ಲಿಂದ ಸ್ವಲ್ಪ ಕೆಳಕ್ಕೆ ಹೋದರೆ ದಂಡೆಯ ಕಲ್ಲುಗಳು ಕಾವಿ ಬಳಿದಂತೆ ಕೆಂಪಾಗಿವೆ. ಮಕ್ಕಳು ಯಾಕೆ ಎಂದು ಕೇಳಿದಾಗ "ಕಬ್ಬಿಣದ ತುಕ್ಕು" ಎಂದು ಹೇಳಿ ಜಾರಿಕೊಂಡೆವು. ಅದು ಅರ್ಧ ಉತ್ತರ ಮಾತ್ರ.

ಈ ಕಣಿವೆಯಲ್ಲಿ ಹದಿನೆಂಟನೆಯ ಶತಮಾನದಿಂದಲೂ ತಾಮ್ರದ ಗಣಿಗಳಿದ್ದವು. 1982ರಲ್ಲಿ ಗಣಿಗಾರಿಕೆ ನಿಂತಿತು. ಆದರೆ ಗುಡ್ಡದೊಳಗಿನ ಸುರಂಗಗಳಿಂದ ನೀರು ಹರಿಯುವುದು ನಿಂತಿಲ್ಲ. ಗಂಧಕವಿರುವ ಅದಿರಿಗೆ ಗಾಳಿ, ನೀರು ತಾಗಿದರೆ, ಬ್ಯಾಕ್ಟೀರಿಯಾಗಳ ಸಹಾಯದಿಂದ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ತಾಮ್ರ, ಸತುವುಗಳನ್ನು ಕರಗಿಸಿಕೊಂಡು ನದಿಗೆ ತರುತ್ತದೆ. ಕಬ್ಬಿಣ ಹೊರಬಂದು ಕಲ್ಲಿಗೆ ಅಂಟುವುದರಿಂದ ನಮ್ಮ ಕಣ್ಣಿಗೆ ಬೀಳುತ್ತದೆ. ಕರಗಿದ ತಾಮ್ರ ಕಣ್ಣಿಗೆ ಬೀಳುವುದೇ ಇಲ್ಲ.

ಅದು ಯಾರಿಗೆ ತಿಳಿಯುತ್ತದೆ? ತಳದ ಕೆಸರಿನಲ್ಲಿರುವ ಹುಳುವಿಗೆ! ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆ ಟ್ಯೂಬಿಫೆಕ್ಸ್ ಗೊತ್ತು: ನೂಲಿನೆಳೆಯಷ್ಟು ಸಣ್ಣ, ಕೆಂಪು ಹುಳು. ನಮ್ಮ ಎರೆಹುಳುವಿನ ದೂರದ ನೆಂಟ. ತಲೆಯನ್ನು ಕೆಸರಿನಲ್ಲಿ ಹೂತು, ಬಾಲವನ್ನು ನೀರಿಗೆ ಚಾಚಿ ಆಡಿಸುತ್ತಾ ಅದರಿಂದಲೇ ಉಸಿರಾಡುತ್ತದೆ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದ ಚರಂಡಿಯಂಥ ಜಾಗದಲ್ಲೂ ಬದುಕುತ್ತದೆ. ಆದ್ದರಿಂದ ನದಿಯಲ್ಲಿ ಈ ಹುಳು ರಾಶಿ ರಾಶಿ ಕಂಡರೆ ಕೊಳಚೆ ಸೇರಿದೆ ಎಂದು ಅರ್ಥ. ಐರ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆಯವರು ಬಲೆ ಹಿಡಿದು ನದಿಗಿಳಿದು, ಸಿಕ್ಕ ಜೀವಿಗಳನ್ನು ನೋಡಿ ನದಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಥೇಟ್ ಶಾಲೆಯ ಪ್ರೋಗ್ರೆಸ್ ಕಾರ್ಡ್! ಕೊಳಚೆ ಇದ್ದಲ್ಲಿ ಹುಳು ಹೆಚ್ಚುತ್ತದೆ, ವಿಷ ಇದ್ದಲ್ಲಿ ಹುಳುವೂ ಕಡಿಮೆಯಾಗುತ್ತದೆ. ಅಂಥ ವಿಷದ ಅನುಮಾನ ಬಂದರೆ ಅಂಕದ ಪಕ್ಕದಲ್ಲಿ ಒಂದು ಸೊನ್ನೆ ಬರೆಯುತ್ತಾರೆ. ಅವೋಕಾದಲ್ಲಿ ಗಣಿಗಿಂತ ಮೇಲಿರುವಷ್ಟು ಜಲಜೀವಿಗಳು ಗಣಿಯ ಕೆಳಗೆ ಸಿಗುವುದಿಲ್ಲ.

ಹುಳುವಿಗೆ ಲೋಹ ಎರಡು ದಾರಿಯಿಂದ ಬರುತ್ತದೆ: ಚರ್ಮದಿಂದ ಮತ್ತು ಹೊಟ್ಟೆಯಿಂದ. ಕೆಸರೇ ಅದರ ಊಟವಲ್ಲವೇ! ತಾಮ್ರವು ದೇಹದಲ್ಲಿ ಉಪ್ಪಿನಂಶದ ಸಮತೋಲವನ್ನು ಕೆಡಿಸುತ್ತದೆ. ಹುಳುವೂ ಸುಮ್ಮನೆ ಇರುವುದಿಲ್ಲ. ಒಂದು ಬಗೆಯ ಪ್ರೋಟೀನ್‌ನಿಂದ ಲೋಹವನ್ನು ಕಟ್ಟಿಹಾಕುತ್ತದೆ. ತಾಮ್ರ ಅಥವಾ ಸೀಸ ಹೆಚ್ಚಾದರೆ, ಲೋಹ ತುಂಬಿದ ಬಾಲದ ತುದಿಯನ್ನೇ ಕಳಚಿಬಿಡುತ್ತದೆ. ಹಲ್ಲಿ ಬಾಲ ಬಿಡುವುದನ್ನು ನೋಡಿದ ನಮಗೂ ಇದು ಹೊಸ ವಿಷಯವಾಗಿತ್ತು.

ಇನ್ನೊಂದು ಮಾತು ನೀರಿನ ಗಡಸುತನದ್ದು. ನಮ್ಮ ಕೆಟಲ್‌ಗಳಲ್ಲಿ ಬಿಳಿ ಪದರ ಕಟ್ಟಿಸುವ ಸುಣ್ಣದ ಅಂಶವನ್ನು ನಾವೆಲ್ಲ ಬೈಯುತ್ತೇವೆ. ಹುಳುವಿಗೂ ಮೀನಿಗೂ ಅದೇ ರಕ್ಷೆ! ಕ್ಯಾಲ್ಸಿಯಂ ಹೆಚ್ಚಿದ್ದರೆ ತಾಮ್ರಕ್ಕೆ ದೇಹದೊಳಗೆ ನುಗ್ಗಲು ಜಾಗ ಸಿಗುವುದು ಕಷ್ಟ. ವಿಕ್ಲೋದ್ದು ಗ್ರಾನೈಟ್ ಬೆಟ್ಟಗಳ ಮೆದು ನೀರು, ಆ ರಕ್ಷೆ ಕಡಿಮೆ. ಹಾಗಾಗಿ ಐರಿಷ್ ಕಾನೂನು ಮೆದು ನೀರಿನ ನದಿಯಲ್ಲಿ ತಾಮ್ರಕ್ಕೆ ಲೀಟರಿಗೆ 5 ಮೈಕ್ರೋಗ್ರಾಂ, ಗಡಸು ನೀರಿನಲ್ಲಿ 30 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ನಾವು ಕುಡಿಯುವ ನೀರಿಗಿರುವ ಮಿತಿ ಎಷ್ಟು ಗೊತ್ತೇ? 2000! ಮನುಷ್ಯನಿಗೆ ಒಪ್ಪಿದ ನೀರು ಜಲಜೀವಿಗೆ ಒಪ್ಪಬೇಕೆಂದೇನೂ ಇಲ್ಲ.

"ಹುಳು ಸತ್ತರೆ ನಮಗೇನು?" ಎಂದು ಕೇಳಬಹುದು. ನಮಗೆ ಹೆಚ್ಚು ಭಯ ಹುಟ್ಟಿಸಿದ್ದು ಸಾಯದ ಹುಳು. ಅಮೆರಿಕದ ಹಡ್ಸನ್ ನದಿಯ ಫೌಂಡ್ರಿ ಕೋವ್ ಎಂಬಲ್ಲಿ ಒಂದು ಬ್ಯಾಟರಿ ಕಾರ್ಖಾನೆ 1953ರಿಂದ 1979ರವರೆಗೆ ನಿಕಲ್, ಕ್ಯಾಡ್ಮಿಯಂ ಸುರಿಯಿತು. ಅಲ್ಲಿನ ಲಿಮ್ನೋಡ್ರಿಲಸ್ ಎಂಬ ಹುಳು ಕೆಲವೇ ದಶಕಗಳಲ್ಲಿ ಕ್ಯಾಡ್ಮಿಯಂ ತಡೆಯುವ ಶಕ್ತಿಯನ್ನು ವಂಶಪಾರಂಪರ್ಯವಾಗಿ ಪಡೆಯಿತು. ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಅದು ಮೈತುಂಬ ಲೋಹ ತುಂಬಿಕೊಂಡೇ ಬದುಕುತ್ತಿತ್ತು. ಅದನ್ನು ತಿಂದ ಜೀವಿಗೆ ಆ ಬುತ್ತಿ ದಾಟುತ್ತಿತ್ತು. 1994-95ರಲ್ಲಿ ಕೆಸರನ್ನು ತೆಗೆದು ಸ್ವಚ್ಛ ಮಾಡಿದ ಮೇಲೆ 9ರಿಂದ 18 ತಲೆಮಾರುಗಳಲ್ಲಿ ಹುಳು ಆ ಶಕ್ತಿಯನ್ನು ಕಳೆದುಕೊಂಡಿತು.

ಹಳೆಯ ಕಾರ್ಡ್‌ಲೆಸ್ ಫೋನ್‌ಗಳಲ್ಲಿ, ಮಕ್ಕಳ ಆಟಿಕೆಗಳಲ್ಲಿ ಇದ್ದದ್ದು ಇದೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಐರ್ಲೆಂಡಿನಲ್ಲಿ ಬ್ಯಾಟರಿ ಮಾರುವ ಅಂಗಡಿಯವರು ಹಳೆಯದನ್ನು ಪುಕ್ಕಟೆಯಾಗಿ ವಾಪಸು ತೆಗೆದುಕೊಳ್ಳುತ್ತಾರೆ. ಇದನ್ನು ಬರೆಯುವ ಮೊದಲು ನಮ್ಮ ಅಡುಗೆಮನೆಯ ಡ್ರಾಯರ್ ತೆಗೆದು ನೋಡಿದೆವು. ಬಗೆಬಗೆಯವು ಒಟ್ಟು 23 ಸಿಕ್ಕವು. ಚೀಲಕ್ಕೆ ತುಂಬಿ ಬಾಗಿಲ ಬಳಿ, ಚಪ್ಪಲಿ ಗೂಡಿನ ಮೇಲೆ ಇಟ್ಟಿದ್ದೇವೆ. ಶನಿವಾರದ ತರಕಾರಿಗೆ ಹೋಗುವಾಗ ಮರೆಯದಿರಲಿ ಎಂದು.