ಬಾಳವ್ವ ಬಾಲವ್ವಳಾದ ಬಗೆ

ನಮ್ಮ ತಂದೆಯವರು ಲೆಕ್ಕದ ಪುಸ್ತಕವೊಂದರಲ್ಲಿ ಮನೆತನದ ಏಳು ತಲೆಮಾರುಗಳ ಹೆಸರುಗಳನ್ನು ಬರೆದಿಟ್ಟಿದ್ದರು. ಅದಕ್ಕೆ ಆಧಾರ, ಎತ್ತಿನ ಮೇಲೆ ಕುಳಿತು ಊರೂರು ಸುತ್ತುತ್ತ ನಮ್ಮ ಅಂಗಳಕ್ಕೂ ಬರುತ್ತಿದ್ದ ಹೆಳವರು. ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದೆ ಸಾಗುವುದು ಅವರ ಕುಲವೃತ್ತಿ. ಆ ಪುಸ್ತಕದ ಹಾಳೆಗಳು ಪುಡಿಯಾಗತೊಡಗಿದಾಗ, 2004ರಲ್ಲಿ, ನಾನು ವಂಶವೃಕ್ಷದ ತಂತ್ರಾಂಶವೊಂದನ್ನು ಕೊಂಡು ತಂದೆ. ಕಾಗದ ಅಳಿದರೂ ಹೆಸರುಗಳು ಉಳಿಯಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಮೊದಲ ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸಿ ಉಳಿಸಿದೆ. ಮತ್ತೆ ತೆರೆದಾಗ ಪರದೆಯ ಮೇಲೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. ಅನ್ಯಮಾರ್ಗವಿಲ್ಲದೆ ರೋಮನ್ ಲಿಪಿಗೆ ಶರಣಾದೆ. ವಿಶೇಷಾಕ್ಷರಗಳನ್ನು ಮೂಡಿಸುವ ಬಗೆಯನ್ನು ಕೈಪಿಡಿ ವಿವರಿಸಿತ್ತು: ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಬದಿಯ ಅಂಕಿಗಳಲ್ಲಿ 0233 ಒತ್ತಿದರೆ ಫ್ರೆಂಚರ ‘ಇ’ಯ ಮೇಲಿನ ಓರೆಗೆರೆ ಬರುತ್ತದೆ, 0241 ಒತ್ತಿದರೆ ಸ್ಪೇನಿನವರ ‘ಎನ್’ ಮೇಲಿನ ಅಲೆಗೆರೆ. ಆದರೆ ನಮ್ಮ ‘ಆ’ ಸ್ವರವನ್ನು ತೋರುವ ಮೇಲುಗೆರೆಗೂ ‘ಳ’ಕಾರವನ್ನು ತೋರುವ ಅಡಿಚುಕ್ಕೆಗೂ ಆ ಪಟ್ಟಿಯಲ್ಲಿ ಸಂಖ್ಯೆಯೇ ಇರಲಿಲ್ಲ. ತಂತ್ರಾಂಶ ಅವಲಂಬಿಸಿದ್ದ ಸಂಕೇತಪಟ್ಟಿ ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಸಿದ್ಧವಾದುದು. ಗೆರೆ, ಚುಕ್ಕೆ ಇಲ್ಲದಿದ್ದರೇನಂತೆ, ನಮ್ಮ ಹೆಸರು ನಮಗೆ ಗೊತ್ತಿಲ್ಲವೇ ಎಂದುಕೊಂಡು ಬರಿಯ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವನ್ನೂ ತುಂಬಿದೆ.

ಆ ಉದಾಸೀನದ ಬೆಲೆ ಗೊತ್ತಾದದ್ದು ಕಳೆದ ವರ್ಷ. ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಆ ಕಡತವನ್ನು ಪಡೆದು ಹೊಸ ತಂತ್ರಾಂಶಕ್ಕೆ ಸೇರಿಸಿಕೊಂಡಿದ್ದ. ಎರಡೆರಡು ಬಾರಿ ದಾಖಲಾಗಿರಬಹುದಾದ ವ್ಯಕ್ತಿಗಳ ಪಟ್ಟಿಯೊಂದನ್ನು ಅದು ಮುಂದಿಟ್ಟಿತು; ಅವನು ಒಟ್ಟಾಗಿ ಒಪ್ಪಿಗೆ ಕೊಟ್ಟುಬಿಟ್ಟ. ಅಜ್ಜನ ಅಕ್ಕ ಬಾಳವ್ವ. ಅಜ್ಜನ ಅಣ್ಣನ ಹೆಂಡತಿ ಬಾಲವ್ವ. ಚಿಹ್ನೆಗಳಿಲ್ಲದ ರೋಮನ್ ಲಿಪಿಯಲ್ಲಿ ಇಬ್ಬರ ಹೆಸರೂ ಒಂದೇ, ಊರೂ ಒಂದೇ. ಹುಟ್ಟಿದ ವರ್ಷ ಇಬ್ಬರದೂ ತಿಳಿದಿಲ್ಲ. ತಂತ್ರಾಂಶ ಅವರಿಬ್ಬರನ್ನೂ ಒಬ್ಬಳೇ ಹೆಂಗಸನ್ನಾಗಿ ಮಾಡಿತ್ತು. ಪರಿಣಾಮವಾಗಿ ನಮ್ಮ ವಂಶವೃಕ್ಷದಲ್ಲಿ ತಂಗಿಯೇ ಅಣ್ಣನ ಹೆಂಡತಿಯಾಗಿದ್ದಳು!

‘ದೊಡ್ಡಪ್ಪ, ಇವರಿಬ್ಬರೂ ಬೇರೆ ಬೇರೆ ಅಂತ ನನಗೆ ಹೇಗೆ ಗೊತ್ತಾಗಬೇಕು?’ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಾಳವ್ವ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದಾಕೆ. ತಮ್ಮಂದಿರ ಮಕ್ಕಳನ್ನೆಲ್ಲ ಸಾಕಿದಾಕೆ. ಮಕ್ಕಳಿರಲಿಲ್ಲ, ಹೆಸರಿನಲ್ಲಿ ಹೊಲವಿರಲಿಲ್ಲ, ಭಾವಚಿತ್ರವೂ ಇಲ್ಲ. ಆಕೆ ಬದುಕಿದ್ದಳೆಂಬುದಕ್ಕೆ ಇದ್ದ ಒಂದೇ ಗುರುತು ಆ ಹೆಸರು. ಆ ಹೆಸರಿನ ಒಂದಕ್ಷರ ಅಳಿದೊಡನೆ ಆಕೆಯೇ ಅಳಿದುಹೋದಳು.

ತಪ್ಪು ಯಾರದು? ವಂಶಾವಳಿಯ ಕಡತಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗುವುದು ‘ಗೆಡ್‌ಕಾಮ್’ ಎಂಬ ವಿನ್ಯಾಸದಲ್ಲಿ. ಅಮೆರಿಕದ ಮಾರ್ಮನ್ ಚರ್ಚು 1984ರಲ್ಲಿ ಇದನ್ನು ಹೊರತಂದಿತು. ಬಹುಕಾಲ ಅದು ನೆಚ್ಚಿಕೊಂಡಿದ್ದುದು ಗ್ರಂಥಸೂಚಿಗಳಿಗಾಗಿ ರೂಪುಗೊಂಡ ‘ಆನ್ಸೆಲ್’ ಸಂಕೇತಪಟ್ಟಿಯನ್ನು. ಅದರಲ್ಲಿ ಮೇಲುಗೆರೆಗೂ ಅಡಿಚುಕ್ಕೆಗೂ ಸ್ಥಾನವಿತ್ತು. ಕನ್ನಡ ಲಿಪಿಗೆ ಇರಲಿಲ್ಲ. ಇತ್ತ, 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ದೊರೆತಿತ್ತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಅದರ ಯುಟಿಎಫ್-8 ರೂಪ ಗೆಡ್‌ಕಾಮ್‌ನ ಕರಡಿನಲ್ಲಿ ಕಾಣಿಸಿಕೊಂಡದ್ದು 1999ರಲ್ಲಿ. ಆ ಕರಡಿಗೆ ಅಧಿಕೃತ ಮನ್ನಣೆ ಸಿಗಲು 2019 ಬರಬೇಕಾಯಿತು. 2021ರ 7.0 ಆವೃತ್ತಿಯಂತೂ ಯುಟಿಎಫ್-8 ಹೊರತು ಬೇರಾವುದನ್ನೂ ಒಪ್ಪುವುದಿಲ್ಲ. ಅಂದರೆ, ಯಂತ್ರಕ್ಕೆ ಕನ್ನಡ ಬಾರದೆಂಬ ನೆಪ ಈಗ ಉಳಿದಿಲ್ಲ. ಉಳಿದಿರುವುದು ನಮ್ಮ ಅಭ್ಯಾಸ ಮಾತ್ರ.

ಹಾಗೆಂದು ಕನ್ನಡದಲ್ಲಿ ತುಂಬಿದೊಡನೆ ತೊಡಕೆಲ್ಲ ತೀರಿತೆಂದಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕುಳಿತಿರುತ್ತದೆ. ಅವೆರಡನ್ನೂ ಬೇರೆಯಾಗಿ ಇಡುವುದು ಅದರ ಕೆಲಸ. ಸಾಗಣೆಯಲ್ಲಿ ಅದು ಬಿದ್ದುಹೋದರೆ ಕಕಾರ ಒತ್ತಕ್ಷರವಾಗಿ ‘ರಾಜ್ಕುಮಾರ್’ ಆಗುತ್ತದೆ. ಒಬ್ಬರು ಅದನ್ನು ಸೇರಿಸಿ, ಇನ್ನೊಬ್ಬರು ಬಿಟ್ಟು ಬರೆದರೆ ಹುಡುಕಾಟದಲ್ಲಿ ಒಬ್ಬನೇ ಮನುಷ್ಯ ಇಬ್ಬರಾಗಬಹುದು. ಬಾಳವ್ವನಿಗಾದುದರ ವಿಪರ್ಯಾಸವಿದು.

ಆದ್ದರಿಂದ ಈ ಕೆಲಸಕ್ಕೆ ಕೈಹಾಕುವವರಲ್ಲಿ ನನ್ನ ಅರಿಕೆ ಇಷ್ಟೇ. ಮೂಲ ಹೆಸರನ್ನು ಕನ್ನಡದಲ್ಲೇ ದಾಖಲಿಸಿ. ಹೊರನಾಡಿನ ಮೊಮ್ಮಕ್ಕಳಿಗಾಗಿ ರೋಮನ್ ರೂಪವನ್ನು ಗೆರೆ–ಚುಕ್ಕೆಗಳ ಸಹಿತ ಅದರ ಜೊತೆಗಿಡಿ. ಒಂದೇ ಹೆಸರಿಗೆ ಬೇರೆ ಲಿಪಿಯ ರೂಪವನ್ನೂ ಜೋಡಿಸಲು ಗೆಡ್‌ಕಾಮ್‌ನಲ್ಲಿಯೇ ಅವಕಾಶವಿದೆ. ನೂರಾರು ಹೆಸರುಗಳನ್ನು ತುಂಬುವ ಮುನ್ನ ನಾಲ್ಕೈದನ್ನು ಮಾತ್ರ ತುಂಬಿ, ಕಡತವನ್ನು ಹೊರತೆಗೆದು, ಇನ್ನೊಂದು ತಂತ್ರಾಂಶದಲ್ಲಿ ತೆರೆದು, ಅಕ್ಷರಗಳು ಹೋದಂತೆಯೇ ಬಂದಿವೆಯೇ ಎಂದು ನೋಡಿ. ವ್ಯಕ್ತಿಗಳನ್ನು ಒಂದುಗೂಡಿಸುವ ಸಲಹೆಗೆ ಮನೆಯ ಹಿರಿಯರನ್ನು ಕೇಳದೆ ಸಮ್ಮತಿ ನೀಡಬೇಡಿ.

ಇದನ್ನೆಲ್ಲ ಮುಂದೂಡುವಂತಿಲ್ಲ. ರೋಮನ್ ಲಿಪಿಯಲ್ಲಿ ಒಮ್ಮೆ ಕಳೆದುಹೋದ ಅಕ್ಷರವನ್ನು ಯಾವ ಯಂತ್ರವೂ ಊಹಿಸಿ ಮರಳಿ ಕೊಡಲಾರದು. ಅದು ‘ಲ’ವೋ ‘ಳ’ವೋ ಎಂಬುದನ್ನು ಹೇಳಬೇಕಾದವರು ಆ ಹೆಸರು ಹಿಡಿದು ಕರೆದವರು. ನಮ್ಮ ಮನೆಯಲ್ಲಿ ಅಂಥವರು ಈಗ ಒಬ್ಬರೇ ಉಳಿದಿದ್ದಾರೆ, ತೊಂಬತ್ತು ದಾಟಿದ ಸೋದರತ್ತೆ. ಕಳೆದ ತಿಂಗಳು ಅವರ ಪಕ್ಕದಲ್ಲಿ ಕುಳಿತು ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿದೆ. ಹನ್ನೊಂದು ಕಡೆ ಅವರು ನನ್ನನ್ನು ತಡೆದು ತಿದ್ದಿದರು. ಬಾಳವ್ವನ ಹೆಸರು ಬಂದಾಗ ಮಾತ್ರ ತಿದ್ದಲಿಲ್ಲ. ಆ ಹೆಸರನ್ನು ಇನ್ನೊಮ್ಮೆ ಓದೆಂದರು.