ವೈಫೈ ಬೀಗ ಎಲ್ಲಿಯವರೆಗೆ?

ಕೆಲಸದ ಮೇಲೆ ಸದಾ ಊರೂರು ಅಲೆಯುವ ಓದುಗರೊಬ್ಬರು ಕೇಳಿದ್ದಾರೆ: “ಲಾಡ್ಜ್‌ನವರು ಪಾಸ್‌ವರ್ಡ್ ಇರುವ ವೈಫೈ ಕೊಡುತ್ತಾರೆ. ಮತ್ತೆ ವಿಪಿಎನ್ ಯಾಕೆ ಸಾರ್?”

ಪಾಸ್‌ವರ್ಡ್ ಕೇಳಿತು ಎಂದ ಮಾತ್ರಕ್ಕೆ ಕ್ಷೇಮ ಎಂದುಕೊಳ್ಳುವುದು ಅಪ್ಪಟ ಮೂಢನಂಬಿಕೆ. ವೈಫೈ ಹಾಕುವ ಬೀಗ ನಿಮ್ಮ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲಿನ ರೌಟರ್‌ವರೆಗೆ ಮಾತ್ರ. ಅದರಾಚೆ ಏನಾಯಿತೋ ಅದಕ್ಕೆ ಸಂಬಂಧವಿಲ್ಲ. ಆ ಪಾಸ್‌ವರ್ಡೋ, ರಿಸೆಪ್ಷನ್ ಮೇಜಿನ ಮೇಲೆ ಲ್ಯಾಮಿನೇಟ್ ಆಗಿ ಕೂತಿರುತ್ತದೆ! ಇಂದಿಗೂ ಎಷ್ಟೋ ಕಡೆ ಇರುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ, ಪಾಸ್‌ವರ್ಡ್ ಗೊತ್ತಿರುವ ಪಕ್ಕದ ಕೋಣೆಯವರು ನೀವು ಕನೆಕ್ಟ್ ಆಗುವ ಕ್ಷಣದ ಸಂಕೇತಗಳನ್ನು ಗಾಳಿಯಲ್ಲೇ ಹಿಡಿದರೆ ಸಾಕು, ನಿಮ್ಮ ಗುಪ್ತಕೀಲಿಯನ್ನು ಲೆಕ್ಕ ಹಾಕಿಬಿಡಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಕಿಂಡಿ ಮುಚ್ಚಿದೆ ನಿಜ. ಲಾಡ್ಜಿನ ರೌಟರ್ ಬದಲಾಗಬೇಕಲ್ಲ! ಬ್ಯಾಂಕಿನ ಜಾಲತಾಣಕ್ಕೆ ಎಚ್‌ಟಿಟಿಪಿಎಸ್ ಎಂಬ ಸ್ವಂತ ಬೀಗವಿದೆ, ಹೌಹಾರಬೇಡಿ. ಆದರೆ ಕಚೇರಿಯ ಒಳಗಿನ ಕಡತಗಳನ್ನು ದೂರದಿಂದ ತೆರೆಯಲು ವಿಪಿಎನ್ ಬೇಕು. ಅದು ವೈಫೈಗೆ ಬದಲಿಯಲ್ಲ, ವೈಫೈ ಮೇಲೆಯೇ ಸವಾರಿ ಮಾಡುತ್ತ ಕಚೇರಿಯ ಸರ್ವರ್‌ವರೆಗೂ ಬೀಗ ಹಾಕಿಕೊಂಡು ಹೋಗುವಂಥದ್ದು.

ಅಲೆಮಾರಿಗಳಿಗೆ ಹೇಳಿ ಮಾಡಿಸಿದ್ದು ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಎಂಬ ವಿಪಿಎನ್. 2020ರಲ್ಲಿ ಅದು ಲಿನಕ್ಸ್ ಕರ್ನಲ್ಲಿನ ಒಳಕ್ಕೇ ಸೇರಿತು. ಸಾಮಾನ್ಯವಾಗಿ ಜಾಲದಲ್ಲಿ ನಿಮ್ಮನ್ನು ಗುರುತಿಸುವುದು ಐಪಿ ವಿಳಾಸದಿಂದ. ಲಾಡ್ಜ್ ಬಿಟ್ಟು ಬಸ್ ಹತ್ತಿದಿರಿ, ವೈಫೈ ಹೋಗಿ ಮೊಬೈಲ್ ಡೇಟಾ ಬಂತು, ವಿಳಾಸ ಬದಲಾಯಿತು, ಸಂಪರ್ಕ ಕಡಿಯಿತು. ವೈರ್‌ಗಾರ್ಡ್ ವಿಳಾಸಕ್ಕೆ ಜೋತುಬೀಳುವುದೇ ಇಲ್ಲ. ಅದು ನೋಡುವುದು ಕೀಲಿಯನ್ನು. ಮಾಹಿತಿಯ ಪೊಟ್ಟಣ ಎಲ್ಲಿಂದಲೇ ಬರಲಿ, ಕೀಲಿ ಸರಿಹೊಂದಿದರೆ ‘ಓಹೋ, ಈಗ ಇಲ್ಲಿದ್ದಾರೆ’ ಎಂದು ವಿಳಾಸ ತಿದ್ದಿಕೊಂಡು ಉತ್ತರವನ್ನು ಅಲ್ಲಿಗೇ ಕಳಿಸುತ್ತದೆ. ಊರೂರು ಸುತ್ತುವ ಮಗನ ಕಾಗದವನ್ನು ಅಂಚೆ ಮುದ್ರೆ ನೋಡದೆ ಕೈಬರಹದಿಂದಲೇ ಗುರುತು ಹಿಡಿಯುವ ತಾಯಿಯ ಹಾಗೆ! ವಿಪಿಎನ್ ಕೊರೆದ ಈ ಬೀಗದ ಸುರಂಗದೊಳಗಿನ ನಿಮ್ಮ ವಿಳಾಸ ಮಾತ್ರ ಬದಲಾಗುವುದಿಲ್ಲ, ಆದ್ದರಿಂದ ಅರ್ಧಕ್ಕೆ ಬಂದ ಕಡತ ಬಸ್ಸಿನಲ್ಲೂ ಇಳಿಯುತ್ತಲೇ ಇರುತ್ತದೆ. ಇನ್ನೊಂದು ಸೊಗಸು: ಕೀಲಿಯಿಲ್ಲದವರು ಎಷ್ಟೇ ಕರೆದರೂ ಅದು ತುಟಿ ಬಿಚ್ಚುವುದಿಲ್ಲ.

ವಿಪಿಎನ್ ಹಾಕಿಕೊಂಡರೆ ಅದೃಶ್ಯರಾಗುತ್ತೇವೆ ಎನ್ನುವವರೂ ಇದ್ದಾರೆ. ಲಾಡ್ಜಿನವರಿಗೆ ಕಾಣದ ನಿಮ್ಮ ಓಡಾಟ ವಿಪಿಎನ್ ನಡೆಸುವವರಿಗೆ ಕಾಣುತ್ತದೆ! ಪುಕ್ಕಟೆ ಆಪ್‌ಗಳನ್ನು ನಂಬುವ ಮೊದಲು ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಕಚೇರಿಯವರು ಕೊಟ್ಟದ್ದಿದ್ದರೆ ಅದನ್ನೇ ಬಳಸಿ. ಲಾಡ್ಜಿನ ಲಾಗಿನ್ ಪುಟ ತೆರೆಯದಿದ್ದರೆ ವಿಪಿಎನ್ ಅನ್ನು ಒಮ್ಮೆ ಆಫ್ ಮಾಡಿ, ಲಾಗಿನ್ ಆದ ಕೂಡಲೇ ಮತ್ತೆ ಆನ್ ಮಾಡಿ.